ವಿದ್ವತ್ಪತ್ರಿಕೆಗಳಲ್ಲಿ ಹಿತಾಸಕ್ತಿಯ ಸಂಘರ್ಷ: ಒಂದು ವಿವೇಚನೆ

ವಿದ್ವತ್ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಗುವ ವೇಳೆಗೆ ಕನಿಷ್ಠ ಮೂವರ ತೀರ್ಮಾನಗಳನ್ನು ಅದು ದಾಟಿ ಬಂದಿರುತ್ತದೆ. ತಾನು ಕಂಡುಕೊಂಡದ್ದು ಪ್ರಕಟಣೆಗೆ ಯೋಗ್ಯವೆಂದು ಲೇಖಕ ತೀರ್ಮಾನಿಸಿರುತ್ತಾನೆ. ಅದರ ಆಧಾರಗಳು ಗಟ್ಟಿಯಾಗಿವೆಯೆಂದು ಪರಿಶೀಲಕ ವರದಿ ಕೊಟ್ಟಿರುತ್ತಾನೆ. ಆ ವರದಿಯನ್ನು ಓದಿ ಸಂಪಾದಕ ಒಪ್ಪಿಗೆಯಿತ್ತಿರುತ್ತಾನೆ. ಓದುಗನ ಕೈಗೆ ಬರುವುದು ಈ ತೀರ್ಮಾನಗಳ ಫಲ ಮಾತ್ರ. ತೀರ್ಮಾನಿಸುವಾಗ ಅವರವರ ಮನಸ್ಸು ಯಾವ ಕಡೆಗೆ ವಾಲಿತ್ತು, ಏಕೆ ವಾಲಿತ್ತು ಎಂಬುದು ಅವನಿಗೆ ಕಾಣಿಸುವುದಿಲ್ಲ. ಲೇಖಕನ ಸಂಶೋಧನೆಗೆ ಹಣ ಕೊಟ್ಟವರು ಯಾರು? ಅದೇ ವಿಷಯದ ಮೇಲೆ ಪರಿಶೀಲಕನೂ ಒಂದು ಲೇಖನವನ್ನು ಅರ್ಧ ಬರೆದು ಇಟ್ಟುಕೊಂಡಿದ್ದಾನೆಯೆ? ಸಂಪಾದಕ ಲೇಖಕನ ಗುರುವೆ, ಶಿಷ್ಯನೆ, ಬೀಗನೆ? ಸತ್ಯನಿರ್ಣಯದ ಹೊಣೆ ಹೊತ್ತವನಿಗೆ ಆ ನಿರ್ಣಯದಿಂದಲೇ ಬೇರೊಂದು ಲಾಭವೋ ನಷ್ಟವೋ ಆಗುವಂತಿದ್ದರೆ ಆ ಸ್ಥಿತಿಯನ್ನು ಈಗ ‘ಹಿತಾಸಕ್ತಿಯ ಸಂಘರ್ಷ’ ಎಂದು ಕರೆಯುವ ರೂಢಿ ಬಂದಿದೆ.

ಈ ಪಾರಿಭಾಷಿಕದ ಬಗೆಗೇ ಮೊದಲು ಸ್ವಲ್ಪ ವಿಚಾರಿಸಬೇಕು. ಕನ್ನಡದ ರಾಜಕೀಯ ಬರವಣಿಗೆಯಲ್ಲಿ ‘ಹಿತಾಸಕ್ತಿ’ ಎಂಬ ಶಬ್ದ ಬಹುಕಾಲದಿಂದ ‘ಪಟ್ಟಭದ್ರ’ ಎಂಬ ವಿಶೇಷಣದ ಕೈಹಿಡಿದೇ ನಡೆದಿದೆ. ಆದ್ದರಿಂದ ಅದು ಕಿವಿಗೆ ಬಿದ್ದೊಡನೆ ಆರೋಪವೊಂದರ ವಾಸನೆ ಹೊಡೆಯುತ್ತದೆ. ‘ಈ ಲೇಖನದ ವಿಷಯದಲ್ಲಿ ತಮಗೆ ಏನಾದರೂ ಹಿತಾಸಕ್ತಿ ಇದೆಯೆ?’ ಎಂದು ಸಂಪಾದಕರು ಕೇಳಿದರೆ, ‘ನನ್ನ ಪ್ರಾಮಾಣಿಕತೆಯನ್ನೇ ಶಂಕಿಸಿದಿರಾ?’ ಎಂಬ ಪ್ರತಿಪ್ರಶ್ನೆ ನಾಲಗೆಯ ತುದಿಗೆ ಬರುತ್ತದೆ. ಕನ್ನಡದ ವಿದ್ವತ್ಪತ್ರಿಕೆಗಳಲ್ಲಿ ಈ ಪ್ರಶ್ನೆ ನೇರವಾಗಿ ಕೇಳಿಬಾರದಿರುವುದಕ್ಕೆ ಈ ಶಬ್ದದ ಸಹವಾಸದೋಷವೂ ಒಂದು ಕಾರಣವಾಗಿರಬಹುದು.

ಮೂಲ ಪರಿಕಲ್ಪನೆಯಲ್ಲಿ ಈ ಆರೋಪದ ಛಾಯೆ ಇಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೆನಿಸ್ ಥಾಂಪ್ಸನ್ ಅವರು ೧೯೯೩ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದ ಲೇಖನ ಇದನ್ನು ಸ್ಪಷ್ಟಪಡಿಸುತ್ತದೆ. ಅವರ ಪ್ರಕಾರ ಇದು ಒಂದು ನಡತೆಯ ಹೆಸರಲ್ಲ, ಒಂದು ಸನ್ನಿವೇಶದ ಹೆಸರು. ವೃತ್ತಿಯ ಪ್ರಧಾನ ಹಿತವನ್ನು ಕುರಿತ ತೀರ್ಮಾನದ ಮೇಲೆ ಹಣ, ಕೀರ್ತಿ ಮೊದಲಾದ ಆನುಷಂಗಿಕ ಹಿತವೊಂದು ಸಲ್ಲದ ಪ್ರಭಾವ ಬೀರಬಹುದಾದ ಸನ್ನಿವೇಶ ಅದು. ಪ್ರಭಾವ ನಿಜವಾಗಿ ಬೀರಿತೋ ಇಲ್ಲವೋ ಎಂಬುದು ಬೇರೆಯ ಮಾತು. ಎಷ್ಟೋ ವೇಳೆ ಅದು ಆ ವ್ಯಕ್ತಿಗೇ ತಿಳಿಯುವುದಿಲ್ಲ. ಹಾಗೆ ತಿಳಿಯದಿರುವುದರಿಂದಲೇ ಹೊರಗಿನ ನಿಯಮ ಬೇಕಾಗುತ್ತದೆ.

ಈ ಭೇದ ಅಧ್ಯಾಪಕವರ್ಗಕ್ಕೆ ಅಪರಿಚಿತವೇನೂ ಅಲ್ಲ. ಪ್ರಶ್ನಪತ್ರಿಕೆ ಸಿದ್ಧಪಡಿಸುವವರು, ಉತ್ತರಪತ್ರಿಕೆ ತಿದ್ದುವವರು ತಮ್ಮ ಸಮೀಪದ ಬಂಧುಗಳಾರೂ ಆ ಪರೀಕ್ಷೆಗೆ ಕುಳಿತಿಲ್ಲವೆಂದು ಬರೆದು ಸಹಿಹಾಕುವ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹಳ ಹಿಂದಿನಿಂದ ಇದೆ. ಮಗಳು ಬಿ.ಎ. ಕಡೆಯ ವರ್ಷದಲ್ಲಿದ್ದಾಳೆಂದು ತಿಳಿಸಿ ಆ ವರ್ಷದ ಪರೀಕ್ಷಕತ್ವ ಬಿಟ್ಟುಕೊಡುವ ಪ್ರಾಧ್ಯಾಪಕರನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ತಿಳಿಸದೆ ಮಗಳ ಪತ್ರಿಕೆ ತಿದ್ದಿದರೆ, ಕೊಟ್ಟ ಅಂಕ ನ್ಯಾಯವಾಗಿದ್ದರೂ, ಯಾರೂ ಕ್ಷಮಿಸುವುದಿಲ್ಲ. ಪರೀಕ್ಷಾ ವಿಭಾಗದಲ್ಲಿ ಇಷ್ಟು ಸಹಜವಾಗಿರುವ ನಡೆ ಪತ್ರಿಕೆಯ ಕಚೇರಿಗೆ ಬಂದೊಡನೆ ಅವಮಾನವಾಗಿ ತೋರುವುದೇಕೆ ಎಂಬುದು ಯೋಚಿಸತಕ್ಕ ವಿಷಯ.

ಪಾರಿಭಾಷಿಕ ಹೊಸದಾದರೂ ಅನುಭವ ಹಳೆಯದು. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತುಗಳೇ ಇವೆ. ಪಡೆದ ಉಪಕಾರದಿಂದ ಹುಟ್ಟುವುದು ಹಂಗು. ಹಿರಿತನ ಸ್ನೇಹಗಳಿಂದ ಹುಟ್ಟುವುದು ದಾಕ್ಷಿಣ್ಯ. ಮರಾಠಿಯ ಒಡನಾಟವುಳ್ಳ ಉತ್ತರ ಕರ್ನಾಟಕದಲ್ಲೂ ಮುಂಬಯಿಯ ಕನ್ನಡಿಗರಲ್ಲೂ ಬಳಕೆಯಲ್ಲಿರುವ ‘ಭಿಡೆ’ ಎದುರಿಗಿರುವವರ ಮುಖ ನೋಡಿ ಹುಟ್ಟುವ ಸಂಕೋಚ. ಮೂರರಲ್ಲಿಯೂ ಹಣ ಮುಖ್ಯವಲ್ಲ ಎಂಬುದನ್ನು ಗಮನಿಸಬೇಕು. ಪಾಶ್ಚಾತ್ಯ ಪತ್ರಿಕೆಗಳ ನಿಯಮಾವಳಿ ಬೆಳೆದದ್ದು ಮುಖ್ಯವಾಗಿ ವೈದ್ಯಶಾಸ್ತ್ರದಲ್ಲಿ, ಔಷಧ ಕಂಪನಿಗಳ ಹಣವನ್ನು ಎದುರಿಗಿಟ್ಟುಕೊಂಡು. ಅದನ್ನು ಕನ್ನಡಕ್ಕೆ ಹಾಗೆಯೇ ತಂದರೆ ಹಣದ ಅಂಕಣದಲ್ಲಿ ಎಲ್ಲರೂ ‘ಇಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹಂಗು, ದಾಕ್ಷಿಣ್ಯ, ಭಿಡೆಗಳು ಇದ್ದಲ್ಲೇ ಇರುತ್ತವೆ. ಆದರೂ ಆ ನಿಯಮಗಳು ಯಾವ ಪೆಟ್ಟುಗಳನ್ನು ತಿಂದು ರೂಪುಗೊಂಡವು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ.

ವಿದ್ವತ್ಪತ್ರಿಕೆಯ ಚರಿತ್ರೆ ೧೬೬೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಹೊರಡಿಸಿದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’, ಅದೇ ವರ್ಷ ಪ್ಯಾರಿಸ್ಸಿನಲ್ಲಿ ಹೊರಟ ‘ಜೂರ್ನಾಲ್ ದೆ ಸಾವಾಂ’ ಇವುಗಳಿಂದ ಮೊದಲಾಗುತ್ತದೆ. ಓಲ್ಡನ್‌ಬರ್ಗ್ ತನ್ನ ಪತ್ರಿಕೆಯನ್ನು ಸ್ವಂತ ಖರ್ಚಿನಲ್ಲಿ, ಲಾಭ ತನಗೇ ಸೇರುವ ಕರಾರಿನ ಮೇಲೆ ನಡೆಸಿದವನು. ಅಂದರೆ ಪತ್ರಿಕೆ ಹುಟ್ಟಿದ ದಿನದಿಂದಲೂ ವಿದ್ಯೆಯ ಹಿತ ಮತ್ತು ಪ್ರಕಾಶಕನ ಹಿತ ಒಂದೇ ಮನೆಯಲ್ಲಿ ವಾಸಮಾಡಿವೆ.

ಕನ್ನಡ ಸಂಶೋಧನೆಗೆ ನೇರ ಸಂಬಂಧವುಳ್ಳ ನಿದರ್ಶನವೊಂದು ಮುಂಬಯಿಯಲ್ಲೇ ದೊರೆಯುತ್ತದೆ. ಜೇಮ್ಸ್ ಬರ್ಜೆಸ್ ೧೮೭೨ರಲ್ಲಿ ಇಲ್ಲಿ ಆರಂಭಿಸಿದ ‘ಇಂಡಿಯನ್ ಆಂಟಿಕ್ವೆರಿ’ಯ ಸಂಪಾದಕತ್ವ ೧೮೮೫ರಲ್ಲಿ ಜೆ. ಎಫ್. ಫ್ಲೀಟ್ ಮತ್ತು ಆರ್. ಸಿ. ಟೆಂಪಲ್ ಅವರ ಕೈಗೆ ಬಂದಿತು. ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿ. ಕನ್ನಡ ಶಾಸನಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ತಾವು ಸಂಪಾದಿಸಿದ ಶಾಸನಪಾಠಗಳನ್ನು ತಮ್ಮದೇ ಸಂಪಾದಕತ್ವದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದರು. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಅವರು ವಾದಿಸಿದಾಗ ಅದನ್ನು ಒಪ್ಪದ ಬಿ. ಎಲ್. ರೈಸ್ ಅವರ ಕೈಯಲ್ಲಿ ಮೈಸೂರಿನ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಿದ್ದವು. ವಾದಿಯೂ ಸಂಪಾದಕ, ಪ್ರತಿವಾದಿಯೂ ಸಂಪಾದಕ! ಇಂದಿನ ಅಳತೆಗೋಲಿನಿಂದ ನೋಡಿದರೆ ಇಬ್ಬರಲ್ಲೂ ಹಿತಾಸಕ್ತಿಯ ಸಂಘರ್ಷ ಎದ್ದು ಕಾಣುತ್ತದೆ. ಆದರೂ ಆ ವಿವಾದದಿಂದ ಕನ್ನಡಕ್ಕೆ ಹಾನಿಯಾಗಲಿಲ್ಲ, ಪ್ರಯೋಜನವೇ ಆಯಿತು. ಕಾರಣ ಸರಳ: ಎರಡು ಕಡೆಯ ಮಾತೂ ಹೆಸರು ಹಾಕಿ ಬಂದದ್ದು, ಎದುರಾಳಿಗೆ ಬೇರೊಂದು ವೇದಿಕೆ ಇತ್ತು, ಶಾಸನದ ಪಾಠ ಓದುಗರ ಕಣ್ಣೆದುರಿಗೇ ಇತ್ತು. ಯಾರು ಯಾವ ಪಕ್ಷವೆಂಬುದು ಗುಟ್ಟಾಗಿರಲಿಲ್ಲ.

ಗುಟ್ಟು ಬಂದದ್ದು ಅನಾಮಧೇಯ ಪರಿಶೀಲನೆಯೊಂದಿಗೆ. ಲೇಖನವನ್ನು ಅದೇ ಕ್ಷೇತ್ರದ ತಜ್ಞರಿಗೆ ಕಳಿಸಿ, ಅವರ ಹೆಸರನ್ನು ಲೇಖಕನಿಗೆ ತಿಳಿಸದೆ, ಅಭಿಪ್ರಾಯ ಪಡೆಯುವ ಈ ಕ್ರಮ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾರ್ವತ್ರಿಕವಾಯಿತು. ಅದರ ಗುಣ ದೊಡ್ಡದು: ಕಿರಿಯ ಪರಿಶೀಲಕ ಹಿರಿಯ ಲೇಖಕನ ತಪ್ಪನ್ನು ನಿರ್ಭಯವಾಗಿ ಹೇಳಬಹುದು. ಆದರೆ ಒಂದು ವಿಷಯವನ್ನು ಚೆನ್ನಾಗಿ ಬಲ್ಲವನು ಸಾಮಾನ್ಯವಾಗಿ ಆ ವಿಷಯದಲ್ಲಿ ಸ್ಪರ್ಧಿಯೂ ಆಗಿರುತ್ತಾನೆ ಎಂಬ ತೊಡಕು ಅದರ ಒಡಲಲ್ಲೇ ಇದೆ.

ಈ ತೊಡಕು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ೧೯೭೮ರ ನವೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕಿರಿಯ ಸಂಶೋಧಕಿ ಹೆಲೆನಾ ವಾಕ್ಸ್‌ಲಿಕ್ಟ್-ರಾಡ್‌ಬಾರ್ಡ್ ಅವರು ಅನೊರೆಕ್ಸಿಯ ಎಂಬ, ಆಹಾರವನ್ನೇ ತ್ಯಜಿಸುವ ವ್ಯಾಧಿಯಲ್ಲಿ ಇನ್ಸುಲಿನ್ ರಕ್ತಕಣಗಳಿಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಕುರಿತ ಲೇಖನವನ್ನು ನ್ಯೂ ಇಂಗ್ಲೆಂಡ್ ಪತ್ರಿಕೆಗೆ ಕಳಿಸಿದರು. ಪತ್ರಿಕೆ ಅದನ್ನು ಯೇಲ್ ವಿಶ್ವವಿದ್ಯಾಲಯದ ಹೆಸರಾಂತ ಪ್ರಾಧ್ಯಾಪಕ ಫಿಲಿಪ್ ಫೆಲಿಗ್ ಅವರ ಪರಿಶೀಲನೆಗೆ ಒಪ್ಪಿಸಿತು. ಅವರು ಅದನ್ನು ತಮ್ಮ ಕೈಕೆಳಗಿನ ಸಹೋದ್ಯೋಗಿಗೆ ಓದಲು ಕೊಟ್ಟರು. ಆ ಸಹೋದ್ಯೋಗಿ ಅದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದರು. ಹಸ್ತಪ್ರತಿಯ ನಕಲನ್ನು ಇಟ್ಟುಕೊಂಡರು. ಯೇಲ್‌ನಿಂದ ಬಂದ ವರದಿ ‘ತಿರಸ್ಕರಿಸಿ’ ಎಂದಿತು. ಸ್ವಲ್ಪದರಲ್ಲೇ ಯೇಲ್‌ನ ಇಬ್ಬರೂ ಸೇರಿ ಬರೆದ, ಅದೇ ವಿಷಯದ ಲೇಖನ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ಗೆ ಹೋಯಿತು. ಫೆಲಿಗ್ ಆ ಪತ್ರಿಕೆಯ ಸಹಸಂಪಾದಕರಲ್ಲೊಬ್ಬರು.

ಮುಂದಿನದು ಕಾದಂಬರಿಯಲ್ಲಿ ಬಂದರೆ ನಂಬಲಾಗದಂಥ ತಿರುವು. ಆ ಪತ್ರಿಕೆ ಲೇಖನವನ್ನು ಪರಿಶೀಲನೆಗೆಂದು ಕಳಿಸಿದ್ದು ರಾಡ್‌ಬಾರ್ಡ್ ಅವರ ಪ್ರಯೋಗಾಲಯದ ಮುಖ್ಯಸ್ಥ ಜೆಸ್ಸಿ ರಾತ್ ಅವರಿಗೆ. ಅವರು ಅದನ್ನು ಓದಲು ಕೊಟ್ಟದ್ದು ರಾಡ್‌ಬಾರ್ಡ್ ಅವರಿಗೇ. ಓದುತ್ತ ಹೋದಂತೆ ಅವರಿಗೆ ತಮ್ಮದೇ ವಾಕ್ಯಗಳು ಎದುರಾದವು. ಅವರು ದೂರಿತ್ತರು. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ: ರಾತ್ ಮತ್ತು ಫೆಲಿಗ್ ಬಾಲ್ಯದಿಂದಲೂ ಸ್ನೇಹಿತರು. ಹಿರಿಯರಿಬ್ಬರೂ ಮಾತಾಡಿಕೊಂಡು, ರಾಡ್‌ಬಾರ್ಡ್ ಅವರ ಲೇಖನ ಮೊದಲು ಬರಲಿ, ಯೇಲ್‌ನ ಲೇಖನ ಆಮೇಲೆ ಬರಲಿ ಎಂದು ಸಮಾಧಾನದ ದಾರಿ ಹುಡುಕಿದರು. ರಾಡ್‌ಬಾರ್ಡ್ ಅವರ ಲೇಖನ ೧೯೭೯ರಲ್ಲಿ ಪ್ರಕಟವಾಯಿತು. ಆದರೆ ಅವರು ಅಷ್ಟಕ್ಕೆ ಸುಮ್ಮನಾಗದೆ, ಯೇಲ್‌ನ ಅಂಕಿ ಅಂಶಗಳೇ ನಿಜವೇ ಎಂಬ ತನಿಖೆಗೆ ಪಟ್ಟುಹಿಡಿದರು. ಹೊರಗಿನ ತಜ್ಞರೊಬ್ಬರು ಯೇಲ್‌ಗೆ ಹೋಗಿ ದಾಖಲೆಗಳನ್ನು ನೋಡಿದ್ದು ೧೯೮೦ರ ಫೆಬ್ರವರಿಯಲ್ಲಿ. ಕೆಲವು ಗಂಟೆಗಳಲ್ಲೇ ಅಂಕಿಗಳು ಕಲ್ಪಿತವೆಂಬುದು ಹೊರಬಿದ್ದಿತು. ಲೇಖನ ಹಿಂತೆಗೆಯಲ್ಪಟ್ಟಿತು, ಅಷ್ಟರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಉನ್ನತ ಹುದ್ದೆಗೆ ಹೋಗಿದ್ದ ಫೆಲಿಗ್ ಅದನ್ನು ಬಿಡಬೇಕಾಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಕೃತಿಚೌರ್ಯದ ಉದಾಹರಣೆಯಾಗಿ ಹೇಳುತ್ತಾರೆ. ಆದರೆ ಚೌರ್ಯಕ್ಕೆ ಬಾಗಿಲು ತೆರೆದದ್ದು ಅದಕ್ಕಿಂತ ಚಿಕ್ಕ ತಪ್ಪು. ಹಸ್ತಪ್ರತಿ ಕೈಗೆ ಬಂದ ದಿನ ‘ಇದೇ ವಿಷಯದ ಕೆಲಸ ನಮ್ಮಲ್ಲಿಯೂ ನಡೆದಿದೆ, ಬೇರೆಯವರಿಗೆ ಕಳಿಸಿ’ ಎಂದು ಸಂಪಾದಕರಿಗೆ ಎರಡು ಸಾಲು ಬರೆದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ. ಗುಟ್ಟಿನ ಹಸ್ತಪ್ರತಿಯನ್ನು ಸಂಪಾದಕರಿಗೆ ತಿಳಿಸದೆ ಸಹಾಯಕರ ಕೈಗೆ ಕೊಟ್ಟದ್ದು ಎರಡನೆಯ ತಪ್ಪು. ಸತ್ಯ ಹೊರಬರಲು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದಕ್ಕೆ ಹಣ ಕಾರಣವಲ್ಲ. ಹಳೆಯ ಸ್ನೇಹದ ದಾಕ್ಷಿಣ್ಯ. ನಮ್ಮ ಮಾತು ಅಮೆರಿಕಕ್ಕೂ ಸಲ್ಲುತ್ತದೆ.

ಲೇಖಕರ ಹಣಸಂಬಂಧದ ಕಡೆಗೆ ಬಂದರೆ, ಅದನ್ನು ತಿಳಿಸಬೇಕೆಂಬ ನಿಯಮವನ್ನು ನ್ಯೂ ಇಂಗ್ಲೆಂಡ್ ಪತ್ರಿಕೆ ಜಾರಿಗೆ ತಂದದ್ದು ೧೯೮೪ರಲ್ಲಿ, ಆರ್ನಾಲ್ಡ್ ರೆಲ್ಮನ್ ಅವರ ಸಂಪಾದಕತ್ವದಲ್ಲಿ. ಅದೇ ಪತ್ರಿಕೆ ೧೯೬೭ರಲ್ಲಿ ಪ್ರಕಟಿಸಿದ್ದ, ಹೃದ್ರೋಗಕ್ಕೆ ಸಕ್ಕರೆಗಿಂತ ಕೊಬ್ಬೇ ಕಾರಣವೆಂಬ ಕಡೆಗೆ ವಾಲಿದ ಸಮೀಕ್ಷಾ ಲೇಖನಕ್ಕೆ ಅಮೆರಿಕದ ಸಕ್ಕರೆ ಉದ್ಯಮದ ಪ್ರತಿಷ್ಠಾನ ಹಣ ಕೊಟ್ಟಿತ್ತೆಂಬುದು ಬಯಲಾದದ್ದು ೨೦೧೬ರಲ್ಲಿ, ಹಳೆಯ ಪತ್ರವ್ಯವಹಾರದ ಕಡತಗಳಿಂದ. ಸುಮಾರು ಅರ್ಧ ಶತಮಾನ ಓದುಗರು ಆ ಲೇಖನವನ್ನು ನಿರ್ಲಿಪ್ತ ವಿದ್ವಾಂಸರ ಮಾತೆಂದೇ ಓದಿದರು. ಹಣ ಪಡೆದವರೆಲ್ಲ ಸುಳ್ಳು ಬರೆಯುತ್ತಾರೆಂದು ಇದರ ಅರ್ಥವಲ್ಲ. ಆದರೆ ೧೯೯೮ರಲ್ಲಿ ಟೊರಾಂಟೊ ಸಂಶೋಧಕರು ರಕ್ತದೊತ್ತಡದ ಒಂದು ಬಗೆಯ ಔಷಧಗಳ ಮೇಲಿನ ಲೇಖನಗಳನ್ನು ಪರೀಕ್ಷಿಸಿದಾಗ, ಆ ಔಷಧಗಳ ಪರವಾಗಿ ಬರೆದವರಲ್ಲಿ ನೂರಕ್ಕೆ ೯೬ ಮಂದಿಗೂ, ತಟಸ್ಥರಲ್ಲಿ ೬೦ ಮಂದಿಗೂ, ವಿರೋಧಿಸಿದವರಲ್ಲಿ ೩೭ ಮಂದಿಗೂ ಅವುಗಳ ತಯಾರಕರೊಡನೆ ಹಣದ ಸಂಬಂಧ ಇದ್ದದ್ದು ಕಂಡುಬಂದಿತು. ವಾಲುವಿಕೆ ಯಾವ ಕಡೆಗೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಅದೇ ೧೯೯೮ರ ಫೆಬ್ರವರಿಯಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಹನ್ನೆರಡು ಸಹಲೇಖಕರ ಲೇಖನ ಪ್ರಕಟವಾಯಿತು. ಹನ್ನೆರಡು ಮಕ್ಕಳನ್ನು ಆಧರಿಸಿ, ದಡಾರ, ಮಂಗನಬಾವು, ರುಬೆಲ್ಲಗಳ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಅದು ಹುಟ್ಟುಹಾಕಿತು. ಲಸಿಕೆಯ ತಯಾರಕರ ಮೇಲೆ ಮೊಕದ್ದಮೆ ಹೂಡಲಿದ್ದ ಪಕ್ಷದ ವಕೀಲರ ಮೂಲಕ ವೇಕ್‌ಫೀಲ್ಡ್ ಅವರ ಕೆಲಸಕ್ಕೆ ಹಣ ಬಂದಿತ್ತೆಂಬುದನ್ನು ಬ್ರಯನ್ ಡೀರ್ ಎಂಬ ಪತ್ರಕರ್ತ ೨೦೦೪ರಲ್ಲಿ ಹೊರಗೆಡವಿದರು. ಆ ವರ್ಷವೇ ಹತ್ತು ಸಹಲೇಖಕರು ಲೇಖನದ ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಇಡೀ ಲೇಖನವನ್ನು ಹಿಂತೆಗೆದದ್ದು ೨೦೧೦ರ ಫೆಬ್ರವರಿಯಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಕುಸಿದು ದಡಾರ ಮರಳಿ ಬಂದಿತ್ತು.

ಲ್ಯಾನ್ಸೆಟ್‌ಗೆ ಆಗ ನಿಯಮವಿರಲಿಲ್ಲವೆಂದಲ್ಲ. ಪ್ರಕಟಣೆಯ ನಂತರ ಬಯಲಾದರೆ ಲೇಖಕರಿಗೆ ಮುಜುಗರವಾಗುವಂಥ ಸಂಗತಿ ಏನಾದರೂ ಇದೆಯೆ ಎಂಬುದೇ ಆ ಪತ್ರಿಕೆ ಲೇಖಕರ ಮುಂದಿಟ್ಟಿದ್ದ ಒರೆಗಲ್ಲು. ಅದಕ್ಕಿಂತ ಉತ್ತಮ ಒರೆಗಲ್ಲು ಇಂದಿಗೂ ದೊರೆತಿಲ್ಲವೆಂದೇ ಹೇಳಬೇಕು. ತಮ್ಮ ಸಂಗತಿ ಸಂಘರ್ಷವೇ ಅಲ್ಲವೆಂಬುದು ವೇಕ್‌ಫೀಲ್ಡ್ ಅವರ ಸಮರ್ಥನೆಯಾಗಿತ್ತು. ತೀರ್ಪು ಕೊಡುವ ಕೆಲಸವನ್ನು ಸಂಬಂಧಪಟ್ಟವನಿಗೇ ಬಿಟ್ಟದ್ದು ಆ ನಿಯಮದ ದೌರ್ಬಲ್ಯ. ‘ನಿಮಗೆ ಸಂಘರ್ಷ ಇದೆಯೆ?’ ಎಂದು ಕೇಳುವುದರ ಬದಲು ‘ಹಣ ಎಲ್ಲಿಂದ ಬಂತು? ಯಾರೊಡನೆ ಕೆಲಸ ಮಾಡಿದಿರಿ?’ ಎಂದು ಸಂಗತಿಗಳನ್ನೇ ಕೇಳಿ, ತೀರ್ಮಾನವನ್ನು ಸಂಪಾದಕ ಮತ್ತು ಓದುಗರಿಗೆ ಬಿಡುವುದು ಮೇಲು. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ೨೦೦೯ರಲ್ಲಿ ಎಲ್ಲ ಪತ್ರಿಕೆಗಳಿಗೂ ಒಂದೇ ಮಾದರಿಯ ಪ್ರಪತ್ರವನ್ನು ರೂಪಿಸಿದಾಗ ಹಿಡಿದದ್ದು ಈ ದಾರಿಯನ್ನೇ.

ಸಂಪಾದಕನೇ ಲೇಖಕನಾದಾಗ ಏನು ಮಾಡಬೇಕು? ಕೋವಿಡ್ ಪಿಡುಗಿನ ಆರಂಭದಲ್ಲಿ, ೨೦೨೦ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಮಾರ್ಸೇಯ ದಿದಿಯೇ ರಾವುಲ್ ಅವರ ತಂಡ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಣಕಾರಿಯೆಂದು ಪ್ರತಿಪಾದಿಸಿದ ಲೇಖನ ಒಂದು ಅಂತರರಾಷ್ಟ್ರೀಯ ಔಷಧ ಪತ್ರಿಕೆಯಲ್ಲಿ ಬಂದಿತು. ಪತ್ರಿಕೆಗೆ ಸೇರಿದ್ದು ೧೬ರಂದು, ಅಂಗೀಕಾರವಾದದ್ದು ೧೭ರಂದು. ಲೇಖಕರಲ್ಲೊಬ್ಬರು ಆ ಪತ್ರಿಕೆಯ ಪ್ರಧಾನ ಸಂಪಾದಕರು. ಔಷಧ ಪಡೆದ ೨೬ ರೋಗಿಗಳಲ್ಲಿ ಆರು ಮಂದಿಯನ್ನು ಲೆಕ್ಕದಿಂದ ಬಿಡಲಾಗಿತ್ತು. ಅವರಲ್ಲಿ ಮೂವರು ತೀವ್ರನಿಗಾ ಘಟಕಕ್ಕೆ ಹೋಗಿದ್ದರು, ಒಬ್ಬರು ತೀರಿಕೊಂಡಿದ್ದರು. ಲೋಕವೆಲ್ಲ ಆ ಔಷಧದ ಬೆನ್ನುಹತ್ತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅದೇ ತಿಂಗಳು ಆರೋಗ್ಯ ಕಾರ್ಯಕರ್ತರಿಗೆ ಮುಂಜಾಗ್ರತೆಯ ಕ್ರಮವಾಗಿ ಅದನ್ನು ಸೂಚಿಸಿತು. ಆ ಸೂಚನೆಗೆ ಈ ಲೇಖನವೇ ಆಧಾರವೆನ್ನಲಾಗದಿದ್ದರೂ ಆಗಿನ ವಾತಾವರಣ ಅಂಥದು. ಜೂನ್ ವೇಳೆಗೆ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಆಸ್ಪತ್ರೆ ಸೇರಿದ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಲೇಖನ ಹಿಂತೆಗೆಯಲ್ಪಟ್ಟದ್ದು ೨೦೨೪ರ ಡಿಸೆಂಬರ್‌ನಲ್ಲಿ.

ಪ್ರಧಾನ ಸಂಪಾದಕರು ಪರಿಶೀಲನೆಯಲ್ಲಿ ಪಾಲ್ಗೊಂಡಿರಲಿಲ್ಲವೆಂದು ಪತ್ರಿಕೆಯ ಹಿಂದಿನ ಸಂಸ್ಥೆ ೨೦೨೦ರಲ್ಲೇ ತಿಳಿಸಿತು. ಅದು ನಿಜವೇ ಇರಬಹುದು. ಆದರೆ ಒಂದೇ ದಿನದ ಅಂಗೀಕಾರವನ್ನೂ ಸಂಪಾದಕರ ಹೆಸರನ್ನೂ ಒಟ್ಟಿಗೆ ಕಂಡ ಓದುಗ ಅದನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಸಂಪಾದಕ ಪಕ್ಕಕ್ಕೆ ಸರಿದರೆ ಸಾಲದು. ಸರಿದದ್ದು, ಅವನ ಬದಲು ಯಾರು ನಿರ್ವಹಿಸಿದರೆಂಬುದು ಲೇಖನದ ಅಡಿಯಲ್ಲೇ ಅಚ್ಚಾಗಬೇಕು. ದೂರು ಬಂದಮೇಲೆ ಕೊಡುವ ವಿವರಣೆಗೂ ಮೊದಲೇ ಕೊಟ್ಟ ಹೇಳಿಕೆಗೂ ಬೆಲೆಯಲ್ಲಿ ಬಹಳ ಅಂತರವಿದೆ.

ಇನ್ನು ಕನ್ನಡದ ಕಡೆಗೆ ತಿರುಗಬಹುದು. ಇಲ್ಲಿ ಔಷಧ ಕಂಪನಿಯೂ ಇಲ್ಲ, ಸಕ್ಕರೆ ಉದ್ಯಮವೂ ಇಲ್ಲ. ಹಾಗೆಂದು ಹಣದ ಪ್ರಶ್ನೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ ೨೦೦೯ರ ನಿಯಮಗಳಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಣೆಯನ್ನು ಕಡ್ಡಾಯಗೊಳಿಸಿದ ಮೇಲೆ, ೨೦೧೦ರಲ್ಲಿ ಬಡ್ತಿಗೆ ಅಂಕಗಳ ಲೆಕ್ಕ ಬಂದಮೇಲೆ, ಲೇಖಕರಿಂದಲೇ ಹಣ ಪಡೆದು ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ತಿರಸ್ಕರಿಸಿದರೆ ವರಮಾನ ಹೋಗುತ್ತದೆಂಬಲ್ಲಿ ಪ್ರಕಾಶಕನ ಹಿತಾಸಕ್ತಿ ಪ್ರತಿಯೊಂದು ಲೇಖನದಲ್ಲೂ ಇರುತ್ತದೆ. ಆಯೋಗದ ಅಂಗೀಕೃತ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳು ಸೂಚಿಸಿದ್ದ ಪತ್ರಿಕೆಗಳ ಪೈಕಿ ೧೦೦೯ನ್ನು ಪುಣೆಯ ವಿದ್ವಾಂಸರು ಪರೀಕ್ಷಿಸಿ ೨೦೧೮ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ವರದಿ ಮಾಡಿದರು: ಅವುಗಳಲ್ಲಿ ನೂರಕ್ಕೆ ೮೮ಕ್ಕಿಂತ ಹೆಚ್ಚು ಕಳಪೆಯಾಗಿರಬಹುದು. ಅವನ್ನು ಸೂಚಿಸಿದವರು ವಿಶ್ವವಿದ್ಯಾಲಯಗಳೇ ಎಂಬುದು ನೋವಿನ ಸಂಗತಿ. ಪ್ರಕಟಣೆಯ ಕಡ್ಡಾಯವನ್ನು ಆಯೋಗ ೨೦೨೨ರಲ್ಲಿ ಕೈಬಿಟ್ಟಿತು. ೨೦೧೯ರಲ್ಲಿ ಬಂದ ‘ಕೇರ್’ ಪಟ್ಟಿಯನ್ನು ೨೦೨೫ರಲ್ಲಿ ನಿಲ್ಲಿಸಿ ಪತ್ರಿಕೆಗಳನ್ನು ಅಳೆಯುವ ಹೊಣೆಯನ್ನು ಮತ್ತೆ ಸಂಸ್ಥೆಗಳಿಗೇ ಒಪ್ಪಿಸಿತು. ಆದ್ದರಿಂದ ಈ ವಿವೇಚನೆ ಈಗ ಪ್ರತಿಯೊಂದು ವಿಭಾಗದ ಮನೆಬಾಗಿಲಿಗೆ ಬಂದಿದೆ.

ಆದರೆ ಕನ್ನಡದ ನಿಜವಾದ ತೊಡಕು ಬಳಗ ಚಿಕ್ಕದೆಂಬುದು. ಹಳಗನ್ನಡ ಛಂದಸ್ಸು, ಶಾಸನ, ಗ್ರಂಥಸಂಪಾದನೆ, ಯಾವುದನ್ನೇ ತೆಗೆದುಕೊಂಡರೂ ಅಧಿಕಾರವಾಣಿಯಿಂದ ಮಾತಾಡಬಲ್ಲವರನ್ನು ಬೆರಳುಗಳಲ್ಲಿ ಎಣಿಸಬಹುದು. ಅವರೆಲ್ಲ ಒಬ್ಬರನ್ನೊಬ್ಬರು ಬಲ್ಲರು. ಲೇಖಕರ ಹೆಸರು ಅಳಿಸಿ ಕಳಿಸಿದರೂ ಶೈಲಿಯಿಂದ, ಉಲ್ಲೇಖಗಳಿಂದ ಯಾರದೆಂದು ತಿಳಿಯುತ್ತದೆ. ಪರಿಶೀಲಕ ಲೇಖಕನ ಮಾರ್ಗದರ್ಶಕನಾಗಿರುತ್ತಾನೆ, ಇಲ್ಲವೆ ಅವನ ಮಾರ್ಗದರ್ಶಕನೊಡನೆ ಮುವ್ವತ್ತು ವರ್ಷಗಳ ಹಗೆ ಸಾಧಿಸುತ್ತಿರುವವನಾಗಿರುತ್ತಾನೆ. ಪುಸ್ತಕಕ್ಕೆ ಮುನ್ನುಡಿ ಬರೆದವರೇ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆಯುವುದು, ಬೆನ್ನುಡಿಯ ವಾಕ್ಯಗಳೇ ಅಲ್ಲಿ ಪುನರ್ಜನ್ಮ ಪಡೆಯುವುದು ಅಪರೂಪವಲ್ಲ. ಮಠವೊಂದರ ನೆರವಿನಿಂದ ನಡೆಯುವ ಪತ್ರಿಕೆಯಲ್ಲಿ ಆ ಪರಂಪರೆಯ ಕಾಲನಿರ್ಣಯವನ್ನು ಪ್ರಶ್ನಿಸುವ ಲೇಖನಕ್ಕೆ ಎಡೆ ಸಿಗುವುದು ಕಷ್ಟ. ಜಾತಿಯ ಸಂಗತಿ ಬಂದಾಗಲಂತೂ ಎಲ್ಲರಿಗೂ ಗೊತ್ತಿರುವುದು ಯಾವ ಕಾಗದದ ಮೇಲೂ ಬರುವುದಿಲ್ಲ.

ಇಂಥಲ್ಲಿ ಸಂಬಂಧವಿದ್ದವರೆಲ್ಲ ದೂರವಿರಬೇಕೆಂಬ ನಿಯಮ ಮಾಡಿದರೆ ಪರಿಶೀಲಿಸಲು ಯಾರೂ ಉಳಿಯುವುದಿಲ್ಲವೆಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳಿದೆ. ಲೋಕದ ಶ್ರೀಮಂತ ಪತ್ರಿಕೆಗೂ ಇದೇ ಅನುಭವವಾಗಿದೆ. ಔಷಧ ತಯಾರಕರೊಡನೆ ಯಾವ ಹಣಸಂಬಂಧವಿದ್ದರೂ ಅಂಥವರಿಂದ ಸಂಪಾದಕೀಯ, ಸಮೀಕ್ಷಾ ಲೇಖನಗಳನ್ನು ಬರೆಯಿಸಕೂಡದೆಂದು ನ್ಯೂ ಇಂಗ್ಲೆಂಡ್ ಪತ್ರಿಕೆ ೧೯೯೦ರಲ್ಲಿ ಮಾಡಿದ್ದ ಕಟ್ಟುನಿಟ್ಟನ್ನು, ಯೋಗ್ಯ ಲೇಖಕರು ಸಿಗುವುದಿಲ್ಲವೆಂದು, ೨೦೦೨ರಲ್ಲಿ ತಾನೇ ಸಡಿಲಿಸಿತು. ಸಂಪೂರ್ಣ ನಿಷೇಧಕ್ಕಿಂತ ಸಂಬಂಧವನ್ನು ಹೇಳಿಕೊಂಡು ಮುಂದುವರಿಯುವುದೇ ಚಿಕ್ಕ ಬಳಗಕ್ಕೆ ಒಗ್ಗುವ ದಾರಿ. ಹತ್ತಿರದ ಬಂಧು, ಹತ್ತಿರದಲ್ಲೇ ಪಿಎಚ್.ಡಿ. ಪಡೆದ ಶಿಷ್ಯ, ಬಹಿರಂಗ ಜಗಳವಾಡಿದ ಪ್ರತಿಪಕ್ಷಿ, ಇಂಥವರ ಲೇಖನ ಬಂದರೆ ಪರಿಶೀಲಕ ಅದನ್ನು ಹಿಂದಿರುಗಿಸಬೇಕು. ಉಳಿದ ಪರಿಚಯಗಳನ್ನು ಸಂಪಾದಕರಿಗೆ ಒಂದು ಸಾಲಿನಲ್ಲಿ ತಿಳಿಸಿ ಕೆಲಸ ಮುಂದುವರಿಸಬಹುದು. ಪರಿಶೀಲಕರಲ್ಲಿ ಒಬ್ಬರನ್ನಾದರೂ ನೆರೆಯ ಶಿಸ್ತಿನಿಂದಲೋ ನೆರೆಯ ಭಾಷೆಯಿಂದಲೋ ಆರಿಸಿಕೊಂಡರೆ ಅರ್ಧ ಭಿಡೆ ಕಳೆಯುತ್ತದೆ. ಸೇವುಣರ ಕಾಲದ ಕನ್ನಡ ಶಾಸನದ ಬಗೆಗೆ ಪುಣೆಯ ಮರಾಠಿ ವಿದ್ವಾಂಸರೂ, ವ್ಯಾಕರಣದ ಪ್ರಶ್ನೆಯಲ್ಲಿ ತಮಿಳು, ತೆಲುಗು ಬಲ್ಲವರೂ ಉಪಯುಕ್ತವಾದ ಮಾತು ಹೇಳಬಲ್ಲರು.

ಈ ದೃಷ್ಟಿಯಿಂದ ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ, ಹೈದರಾಬಾದ್, ದೆಹಲಿಗಳ ಕನ್ನಡ ವಿದ್ವಾಂಸರಿಗೆ ವಿಶೇಷವಾದ ಅನುಕೂಲವೊಂದಿದೆ. ಕರ್ನಾಟಕದೊಳಗಿನ ಗುಂಪುಗಳ ಬಿಸಿ ಅಲ್ಲಿಗೆ ತಟ್ಟುವುದು ಕಡಿಮೆ. ಒಳನಾಡಿನ ಪತ್ರಿಕೆಗಳು ಇವರನ್ನು ಪರಿಶೀಲಕರಾಗಿ ಹೆಚ್ಚು ಬಳಸಿಕೊಳ್ಳಬೇಕಾದದ್ದು ನ್ಯಾಯ. ಆದರೆ ಹೊರನಾಡಿನ ಬಳಗ ಇನ್ನೂ ಚಿಕ್ಕದೆಂಬುದನ್ನು ಮರೆಯಬಾರದು. ಇಲ್ಲಿ ಲೇಖಕ, ವಿಮರ್ಶಕ, ಸಂಘದ ಪದಾಧಿಕಾರಿ, ಪ್ರಶಸ್ತಿ ಸಮಿತಿಯ ಸದಸ್ಯ ಎಲ್ಲವೂ ಒಬ್ಬರೇ ಆಗಿರುವುದುಂಟು. ಹೊರನಾಡಿನ ಲೇಖನಗಳನ್ನು ಒಳನಾಡಿಗೂ, ಒಳನಾಡಿನವನ್ನು ಹೊರನಾಡಿಗೂ ಕಳಿಸುವ ಕೊಡುಕೊಳೆ ಇದ್ದರೆ ಇಬ್ಬರಿಗೂ ಒಳಿತು.

ಕೊನೆಗೆ ಸ್ಮರಣ ಸಂಪುಟ, ಅಭಿನಂದನ ಗ್ರಂಥಗಳ ಮಾತು. ಬಿ.ಎಂ.ಶ್ರೀ. ಅವರಿಗೆ ೧೯೪೧ರಲ್ಲಿ ಅರ್ಪಿತವಾದ ‘ಸಂಭಾವನೆ’ಯಿಂದ ಮೊದಲುಗೊಂಡು ಕನ್ನಡದಲ್ಲಿ ಈ ಪ್ರಕಾರ ಸಮೃದ್ಧವಾಗಿ ಬೆಳೆದಿದೆ, ಎಷ್ಟೋ ಮೌಲಿಕ ಲೇಖನಗಳು ದೊರೆಯುವುದು ಇವುಗಳಲ್ಲೇ. ಆದರೆ ಗುರುವಿಗೆ ಶಿಷ್ಯರು ಅರ್ಪಿಸುವ ಗ್ರಂಥದಲ್ಲಿ ಗುರುವಿನ ಪ್ರತಿಪಾದನೆಯನ್ನು ಅಲ್ಲಗಳೆಯುವ ಲೇಖನವನ್ನು ಯಾರು ಬರೆಯುತ್ತಾರೆ, ಬರೆದರೂ ಯಾವ ಸಂಪಾದಕ ಮಂಡಲಿ ಸೇರಿಸುತ್ತದೆ? ಇದು ದೋಷವಲ್ಲ, ಗೌರವದ ಸಂದರ್ಭಕ್ಕೆ ಅದರದೇ ಮರ್ಯಾದೆ ಇದೆ. ತೊಂದರೆಯಾಗುವುದು ಅಂಥ ಲೇಖನವನ್ನು ಮುಂದೆ ಬಡ್ತಿಯ ಅರ್ಜಿಯಲ್ಲಿ ತಜ್ಞ ಪರಿಶೀಲನೆಗೊಳಪಟ್ಟ ಪ್ರಕಟಣೆಯೆಂದು ತೋರಿಸಿದಾಗ, ಇಲ್ಲವೆ ಮುಂದಿನ ಸಂಶೋಧಕ ಅದನ್ನು ಮೂರನೆಯವರ ಮಾತೆಂದು ಉದ್ಧರಿಸಿದಾಗ. ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ. ಇಂಥ ಸಂಪುಟಗಳ ಕೊನೆಯಲ್ಲಿ ‘ಲೇಖಕರ ಪರಿಚಯ’ ಎಂಬ ಪುಟಗಳು ಹೇಗೂ ಇರುತ್ತವೆ. ಹೆಸರು, ಹುದ್ದೆ, ವಿಳಾಸಗಳು ಅಲ್ಲಿ ಅಚ್ಚಾಗುತ್ತವೆ. ಗೌರವಕ್ಕೆ ಪಾತ್ರರಾದವರಿಗೂ ತಮಗೂ ಇರುವ ಸಂಬಂಧವನ್ನು, ಮಾರ್ಗದರ್ಶಕರು, ಸಹೋದ್ಯೋಗಿ, ಬಂಧು ಎಂದು, ವಿಳಾಸದ ಕೆಳಗೆ ಇನ್ನೊಂದು ಸಾಲಿನಲ್ಲಿ ಕೊಟ್ಟರೆ ಸಾಕು. ಲೇಖನ ಪರಿಶೀಲನೆಗೆ ಹೋಗಿತ್ತೇ ಇಲ್ಲವೇ ಎಂಬುದನ್ನು ಸಂಪಾದಕರ ಮಾತಿನಲ್ಲಿ ಹೇಳಬಹುದು.